ಡಾಕ್ಟರಿಗೆ ಹೇಳದ ಚೀನಾ ಪುಡಿ

ಗುರುತು ಸಿಗಬಾರದೆಂದು ಮನೆ, ಊರಿನ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆ ಹೆಂಗಸಿನ ಒಪ್ಪಿಗೆ ಇದೆ.

ವಯಸ್ಸು 49. ಮದ್ದೂರು ಕಡೆಯ ಹಳ್ಳಿ. ಗಂಡನದು ಕಬ್ಬು, ಭತ್ತದ ಬೇಸಾಯ. ಈಕೆ ಊರಿನ ಮಹಿಳಾ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಮೈಸೂರಿಗೆ ನನ್ನ ಬಳಿ ಆಪ್ತಸಲಹೆಗೆ ಕರೆದುಕೊಂಡು ಬಂದದ್ದು ಸೊಸೆ. "ಅತ್ತೆಗೆ ಈಚೆಗೆ ಸಿಟ್ಟು ಜಾಸ್ತಿ ಮೇಡಂ. ಮಾವನ ಹತ್ರ ಮಾತೇ ಬಿಟ್ಟಿದ್ದಾರೆ" ಎಂದಳು.

ಸೊಸೆಯನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆಯೇ ಮಾತಾಡಿದೆ. ಸಿಟ್ಟಿನ ವಿಷಯ ಬರಲೇ ಇಲ್ಲ, ನಿದ್ದೆಯ ವಿಷಯ ಬಂತು. ಮುಟ್ಟು ನಿಂತು ಒಂದೂವರೆ ವರ್ಷವಾಗಿತ್ತು. "ಎದೆಯಿಂದ ಮ್ಯಾಲಕ್ಕೆ ಉರಿ ಹತ್ಕತದೆ ಕಣ್ಮೇಡಂ. ಕತ್ತು, ಮುಖ ಎಲ್ಲ ಕೆಂಡ. ಆಮೇಲೆ ಮೈಯೆಲ್ಲ ನೀರು. ರವಿಕೆ ಹಿಂಡ್ಬೋದು." ರಾತ್ರಿ ಮೂರ್ನಾಲ್ಕು ಸಲ ಹೀಗೆ. ಬೆಳಿಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೆಯಬೇಕು. ಹಾಲು ಹಾಕಲು ಸಾಲು ನಿಂತವರ ಮುಂದೆಯೇ ಮುಖ ಬೆವರುತ್ತದೆ. ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಎನ್ನಿಸಿ ಕೈ ನಡುಗುತ್ತದೆ, ಲೆಕ್ಕ ತಪ್ಪುತ್ತದೆ, ಎದುರಿಗೆ ಸಿಕ್ಕವರ ಮೇಲೆ ರೇಗುತ್ತಾರೆ. ರಾತ್ರಿ ಸೆಕೆ ತಾಳದೆ ಜಗುಲಿಗೆ ಬಂದು ಮಲಗುತ್ತಾರೆ. ಯಾಕೆ ಎಂದು ಗಂಡ ಕೇಳಿಲ್ಲ. ಇವರೂ ಹೇಳಿಲ್ಲ.

ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದಾಗ ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗ ಅತಿ ಸೂಕ್ಷ್ಮವಾಗುತ್ತದೆ. ಸ್ವಲ್ಪ ಬಿಸಿಯಾದರೂ ಸಾಕು, ಬೆವರು ಸುರಿಸಿಬಿಡುತ್ತದೆ. ಕೆಲವರಿಗೆ ಇದು ಕೆಲವೇ ತಿಂಗಳು. ಹಲವರಿಗೆ ಏಳೆಂಟು ವರ್ಷವೂ ಎಳೆಯುತ್ತದೆ. ಇಷ್ಟು ಹೇಳಿದ್ದಕ್ಕೇ ಅವರು, "ಅಂದ್ರೆ ನಂಗೆ ಹುಚ್ಚು ಹಿಡೀತಿಲ್ಲ ಅನ್ನಿ" ಎಂದರು. ಎಷ್ಟು ಜನ ಈ ಭಯ ಹೊತ್ತು ಬರುತ್ತಾರೆ ಅಂತೀರಿ!

ನಾನು ಔಷಧಿ ಕೊಡುವವಳಲ್ಲ. ಆದರೂ ಏನೇನು ಮಾತ್ರೆ ನುಂಗುತ್ತೀರಿ ಎಂದು ಎಲ್ಲರನ್ನೂ ಕೇಳುತ್ತೇನೆ. ಇವರು ಕೆಲವು ವರ್ಷಗಳ ಹಿಂದೆ ಹೃದಯದ ಆಪರೇಷನ್ ಮಾಡಿಸಿಕೊಂಡವರು, ಲೋಹದ ವಾಲ್ವ್ ಹಾಕಿದೆ. ಅಂಥವರು ಬದುಕಿರುವಷ್ಟು ದಿನವೂ ರಕ್ತ ತೆಳುವಾಗುವ ಮಾತ್ರೆ ನುಂಗಬೇಕು. ಇವರದು ವಾರ್ಫರಿನ್. ಕಷಾಯ, ಪುಡಿ, ಲೇಹ್ಯ ಏನಾದರೂ? "ಏನಿಲ್ಲ" ಎಂದರು.

ಎರಡನೇ ಸಲ ಬಂದಾಗ ಮೊಣಕೈ ಮೇಲೆ ನೀಲಿ ಗುರುತು ಕಂಡಿತು. ಹಾಲಿನ ಕ್ಯಾನು ತಾಕಿತು ಎಂದರು. ಇನ್ನೊಂದು ತೋಳಲ್ಲೂ ಇತ್ತು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಾ ಅಂದೆ. ಬರುತ್ತಿತ್ತು. ಮತ್ತೆ ಅದೇ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಮೇಲೆಲ್ಲ ಚೀನೀ ಅಕ್ಷರ. ತಂಗಿ ಮಗಳು ಸಿಂಗಪುರದಲ್ಲಿ ಕೆಲಸದಲ್ಲಿದ್ದಾಳೆ. ದೊಡ್ಡಮ್ಮನ ಕಷ್ಟ ಕೇಳಿ ಅಲ್ಲಿನ ಔಷಧಿ ಅಂಗಡಿಯಿಂದ ಕಳಿಸಿದ್ದಳು. ಬಿಸಿನೀರಿಗೆ ಹಾಕಿ ದಿನಕ್ಕೆ ಎರಡು ಹೊತ್ತು ಕುಡಿಯುವುದು. ಒಂದು ತಿಂಗಳಿಂದ ಕುಡಿಯುತ್ತಿದ್ದರು.

ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಪಟ್ಟಿಯಲ್ಲಿ ಮೊದಲ ಹೆಸರೇ ಆಂಜೆಲಿಕಾ ಸಿನೆನ್ಸಿಸ್. ಚೀನಾದವರು ಡಾಂಗ್ ಗುಯ್ ಎನ್ನುವ ಬೇರು. ನಮ್ಮ ಕೊತ್ತಂಬರಿ, ಜೀರಿಗೆಯ ಕುಟುಂಬದ್ದೇ ಗಿಡ. ಹೆಂಗಸರ ತೊಂದರೆಗೆಂದು ಅಲ್ಲಿ ನೂರಾರು ವರ್ಷಗಳಿಂದ ಬಳಕೆಯಲ್ಲಿದೆ. ಇದು ವಾರ್ಫರಿನ್ ಜೊತೆ ಸೇರಿದರೆ ರಕ್ತ ಬೇಕಾದ್ದಕ್ಕಿಂತ ತೆಳುವಾಗಬಹುದು. 1999ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಇಂಥದ್ದೇ ಒಬ್ಬ ಹೆಂಗಸಿನ ವಿಷಯ ಬಂದಿತ್ತು. ನಾಲ್ಕು ವಾರ ಡಾಂಗ್ ಗುಯ್ ತೆಗೆದುಕೊಂಡದ್ದಕ್ಕೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಳತೆಯಾದ ಐಎನ್‌ಆರ್ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಬೇರು ಬಿಟ್ಟ ಮೇಲೆ ಇಳಿಯಿತು.

ಅವತ್ತು ಆಪ್ತಸಲಹೆ ಅಲ್ಲಿಗೇ ನಿಲ್ಲಿಸಿದೆ. ಅವರ ಎದುರಿಗೇ ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿಸಿ, ಸೊಸೆಯ ಜೊತೆ ನೇರ ಆಸ್ಪತ್ರೆಗೆ ಕಳಿಸಿದೆ. ಹೊರಡುವಾಗ ಒಂದು ಮಾತು ಒತ್ತಿ ಹೇಳಿದೆ: ಪುಡಿ ಇವತ್ತೇ ಬಿಡಿ, ಆದರೆ ಹೆದರಿಕೊಂಡು ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದು ಇನ್ನೂ ದೊಡ್ಡ ಅಪಾಯ. ಅವರಿಗೆ ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕಿತ್ತು. ಅವತ್ತು 5 ದಾಟಿತ್ತು. ಮಾತ್ರೆಯ ಅಳತೆಯನ್ನು ಡಾಕ್ಟರೇ ಸರಿಮಾಡಿದರು. ಪುಣ್ಯಕ್ಕೆ ಒಳಗೆಲ್ಲೂ ರಕ್ತಸ್ರಾವ ಆಗಿರಲಿಲ್ಲ.

ಮುಂದಿನ ಸಲ ಮಾತಾಡಿದ್ದು ಮುಚ್ಚಿಟ್ಟದ್ದರ ಬಗ್ಗೆ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಗಂಟು ಇರುವುದು ಅಲ್ಲೇ, ಬೇರಿನಲ್ಲಲ್ಲ. ಯಾಕೆ ಹೇಳಲಿಲ್ಲ? ಉರಿಯ ವಿಷಯ ಅವರು ಆಸ್ಪತ್ರೆಯಲ್ಲಿ ಒಮ್ಮೆ ಎತ್ತಿದ್ದರಂತೆ. "ಈ ವಯಸ್ಸಲ್ಲಿ ಎಲ್ಲಾರ್ಗೂ ಇದ್ದದ್ದೇ ಬುಡಿ ಅಂದ್ಬುಟ್ರು. ಮಗನ ವಯಸ್ಸಿನ ಹುಡುಗ. ಅವನ ಹತ್ರ ಇನ್ನೇನ್ ಹೇಳ್ಲಿ?" ಪುಡಿ ಕುಡಿಯುತ್ತೇನೆ ಎಂದರೆ ಬೈಯುತ್ತಾರೆ. ಬೈದರೆ ಬಿಡಬೇಕು. ಬಿಟ್ಟರೆ ಉರಿ ಮತ್ತೆ ಬರುತ್ತದೆ. ಯಾಕೆಂದರೆ ಪುಡಿಯಿಂದ ಅವರಿಗೆ ನಿಜವಾಗಿಯೂ ಕಮ್ಮಿಯಾಗಿತ್ತು.

"ಹಂಗಾರೆ ಕಮ್ಮಿ ಆದದ್ದು ಸುಳ್ಳಾ?" ಎಂದು ಕೇಳಿದರು. ಸುಳ್ಳಲ್ಲ ಎಂದೆ. ಉರಿಯ ಮೇಲಿನ ಔಷಧಿ ಪರೀಕ್ಷೆಗಳಲ್ಲಿ ಒಂದು ಗುಂಪಿಗೆ ಅಸಲಿ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಸಪ್ಪೆ ಗುಳಿಗೆ ಕೊಡುತ್ತಾರೆ. ಸಪ್ಪೆ ಗುಳಿಗೆ ನುಂಗಿದವರಲ್ಲೂ ಬಹಳ ಜನಕ್ಕೆ ಉರಿ ತಗ್ಗುತ್ತದೆ. ಯಾರೋ ನನ್ನ ಕಷ್ಟ ಕೇಳಿದರು, ಏನೋ ಕಳಿಸಿದರು ಎನ್ನುವ ನೆಮ್ಮದಿಗೂ ಅಷ್ಟು ಬಲವಿದೆ. ಅದನ್ನೂ ಮೀರಿ ಔಷಧಿ ಕೆಲಸ ಮಾಡಿತಾ ಎನ್ನುವುದೇ ಪ್ರಶ್ನೆ. 1997ರಲ್ಲಿ ಅಮೆರಿಕದಲ್ಲಿ 71 ಹೆಂಗಸರಿಗೆ 24 ವಾರ ಪರೀಕ್ಷೆ ಮಾಡಿದರು. ಡಾಂಗ್ ಗುಯ್ ಸಪ್ಪೆ ಗುಳಿಗೆಗಿಂತ ಮೇಲಾಗಲಿಲ್ಲ. ಚೀನೀ ವೈದ್ಯದವರು ಇದನ್ನು ಒಪ್ಪಲಿಲ್ಲ. ನಾವು ಆ ಬೇರನ್ನು ಒಂದನ್ನೇ ಕೊಡುವುದಿಲ್ಲ, ಹತ್ತಾರು ಮೂಲಿಕೆ ಸೇರಿಸಿ, ಆಳು ನೋಡಿ ಕೊಡುತ್ತೇವೆ ಅಂದರು. ನ್ಯಾಯವಾದ ಮಾತೇ. 2001ರಲ್ಲಿ ಆಸ್ಟ್ರೇಲಿಯಾದಲ್ಲಿ 55 ಹೆಂಗಸರಿಗೆ ಚೀನೀ ಮೂಲಿಕೆಗಳ ಮಿಶ್ರಣವನ್ನೇ ಕೊಟ್ಟು ನೋಡಿದರು. ಆಗಲೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಕಾಕ್ರೇನ್ ಸಂಸ್ಥೆಯವರು ಚೀನೀ ಮೂಲಿಕೆಗಳ ಇಂಥ 22 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಕೆಲಸ ಮಾಡುತ್ತದೆ ಎನ್ನಲೂ ಮಾಡುವುದಿಲ್ಲ ಎನ್ನಲೂ ಸಾಕಷ್ಟು ಪುರಾವೆ ಇಲ್ಲ ಎಂಬುದು ಅವರ ತೀರ್ಮಾನ.

ಚೀನಾ ಮದ್ದು ಎಂದ ಕೂಡಲೇ ಮೂಗು ಮುರಿಯುವವಳು ನಾನಲ್ಲ. ಮಲೇರಿಯಾಗೆ ಇವತ್ತು ಜಗತ್ತೇ ಬಳಸುವ ಆರ್ಟೆಮಿಸಿನಿನ್ ಬಂದದ್ದು ಚೀನಾದ ಹಳೆಯ ಗಿಡಮೂಲಿಕೆಯಿಂದ. ಅದಕ್ಕಾಗಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಗಿಡದ್ದು, ಹಾಗಾಗಿ ತೊಂದರೆಯಿಲ್ಲ ಎನ್ನುವ ಮಾತು ಮಾತ್ರ ಬೇಡ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ಸಣ್ಣಗಾಗಲು ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಹಾಳಾಯಿತು. ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಎಂಬ ಬೇರೆ ಬೇರು ಅದರಲ್ಲಿ ಸೇರಿಹೋಗಿತ್ತು. ನಮ್ಮ ಕಡೆಯ ಕಷಾಯ, ಲೇಹ್ಯಕ್ಕೂ ಇದೇ ಎಚ್ಚರ ಬೇಕು. ಇದನ್ನು ಕೇಳಿ ಅವರೇ ಅಂದರು: "ಲ್ಯಾಕ್ಟೋಮೀಟರ್ ಇಡ್ದೆ ಒಂದು ಕ್ಯಾನೂ ಬುಡಾಕಿಲ್ಲ ನಾನು. ನನ್ನ ಹೊಟ್ಟೆಗೆ ಮಾತ್ರ ಹಂಗೇ ಬುಟ್ಕೊಂಡೆ."

ಸಲಹೆಯ ಮೊದಲ ಭಾಗ ಒಂದು ಚೀಟಿ. ನುಂಗುವ, ಕುಡಿಯುವ ಎಲ್ಲವನ್ನೂ ಅದರಲ್ಲಿ ಬರೆದು ಆಸ್ಪತ್ರೆಯ ಫೈಲಿನ ಮೇಲೇ ಅಂಟಿಸುವುದು. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿ ಹೇಳುತ್ತದೆ. ಎರಡನೆಯದು, ಉರಿಗೆಂದೇ ಸ್ತ್ರೀರೋಗ ತಜ್ಞೆಯನ್ನು ಕಾಣುವುದು. ಹಾರ್ಮೋನ್ ಮಾತ್ರೆ ಎಂದರೆ ಈಗಲೂ ಎಲ್ಲರೂ ಹೆದರುತ್ತಾರೆ. ಆ ಮಾತ್ರೆಯ ಮೇಲಿನ ಅಮೆರಿಕದ ದೊಡ್ಡ ಪರೀಕ್ಷೆಯೊಂದನ್ನು, ಅಪಾಯ ಕಂಡು, 2002ರಲ್ಲಿ ಅರ್ಧಕ್ಕೆ ನಿಲ್ಲಿಸಿದ ಸುದ್ದಿ ಹಬ್ಬಿದ್ದರ ಫಲ ಅದು. ಬೇರೆ ಕಾಯಿಲೆಯಿಲ್ಲದ, 60 ದಾಟದ, ಮುಟ್ಟು ನಿಂತು ಹತ್ತು ವರ್ಷವಾಗದ ಹೆಂಗಸರಲ್ಲಿ ಹೆಚ್ಚಿನವರಿಗೆ ಇವತ್ತಿಗೂ ಉರಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಆದರೆ ಹೆಪ್ಪುಗಟ್ಟುವ ಅಪಾಯವಿರುವ ಇವರಿಗೆ ಅದು ಬೇಡ ಎಂದರು ತಜ್ಞೆ. ಖಿನ್ನತೆಯ ಕೆಲವು ಮಾತ್ರೆಗಳೂ ಉರಿ ತಗ್ಗಿಸುತ್ತವೆ. ವಾರ್ಫರಿನ್ ಜೊತೆ ಅವು ರಕ್ತಸ್ರಾವ ಹೆಚ್ಚಿಸಬಹುದೆಂದು ಅದನ್ನೂ ಬಿಟ್ಟು, ರಾತ್ರಿಗೆ ಗ್ಯಾಬಪೆಂಟಿನ್ ಎಂಬ ಬೇರೆ ಮಾತ್ರೆಯನ್ನು ಸಣ್ಣ ಅಳತೆಯಲ್ಲಿ ಕೊಟ್ಟರು.

ನನ್ನ ಪಾಲಿನ ಕೆಲಸ "ಎಲ್ಲರೂ ನನ್ನನ್ನೇ ನೋಡ್ತಾರೆ" ಎನ್ನುವ ಯೋಚನೆಯ ಮೇಲೆ. ಉರಿ ಬಂದ ಹೊತ್ತು, ಆಗ ಮನಸ್ಸಿಗೆ ಬಂದ ಮಾತು, ಎರಡನ್ನೂ ಡೇರಿಯ ಹಳೇ ಪುಸ್ತಕದಲ್ಲಿ ಬರೆಯಲು ಹೇಳಿದೆ. ಹಾಲು ಹಾಕುವ ಒಬ್ಬ ಗೆಳತಿಯನ್ನು, ನನ್ನ ಮುಖದಲ್ಲಿ ಏನು ಕಂಡೆ ಎಂದು ಕೇಳಿ ಬನ್ನಿ ಎಂದೆ. ಆಕೆಗೆ ಏನೂ ಕಂಡಿರಲಿಲ್ಲ. ಅಷ್ಟೇ ಅಲ್ಲ, ತನಗೂ ಉರಿ ಬರುತ್ತದೆ ಎಂದು ಆಕೆಯೇ ಹೇಳಿಕೊಂಡಳಂತೆ! ಉರಿ ಶುರುವಾದಾಗ ನಿಧಾನ ಉಸಿರಾಡಲು ಕಲಿಸಿದೆ. ಅದು ಉರಿಯನ್ನು ನಿಲ್ಲಿಸುವುದಿಲ್ಲ, ಗಾಬರಿಯನ್ನು ತಗ್ಗಿಸುತ್ತದೆ. ಉರಿ ನಾಲ್ಕೈದು ನಿಮಿಷದಲ್ಲಿ ತಾನೇ ಇಳಿಯುತ್ತದೆ.

ಗಂಡನನ್ನೂ ಒಂದು ಸಲ ಕರೆಸಿದೆ. ಟವಲ್ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದರು. "ಇವಳು ಜಗುಲಿಗೆ ಹೋದ್ಲು. ನನ್ನ ಮ್ಯಾಲೆ ಏನೋ ಮುನಿಸು ಅನ್ಕೊಂಡು ಸುಮ್ನಾದೆ." ಆಕೆಗೆ ನಗು ಬಂತು. "ಕೇಳ್ಬಾರ್ದಿತ್ತಾ?" "ಯೋಳ್ಬಾರ್ದಿತ್ತಾ?" ಅಲ್ಲಿಂದ ಮುಂದೆ ನಾನು ಹೆಚ್ಚು ಮಾತಾಡುವ ಅಗತ್ಯ ಬೀಳಲಿಲ್ಲ. ಕಿಟಕಿ ಪಕ್ಕಕ್ಕೆ ಮಂಚ ಸರಿಸುವುದು, ಇನ್ನೊಂದು ಫ್ಯಾನು, ರಾತ್ರಿ ಖಾರ ಮತ್ತು ಕಾಫಿ ಕಮ್ಮಿ ಎಂದು ಅವರೇ ಮಾತಾಡಿಕೊಂಡರು.

ಉರಿ ಪೂರ್ತಿ ಹೋಗಿಲ್ಲ. ರಾತ್ರಿ ಒಂದು ಸಲ ಎಚ್ಚರವಾಗುತ್ತದೆ. ಕೊನೆಯ ಸಲ ಬಂದಾಗ, ಉಳಿದ ಪೊಟ್ಟಣಗಳನ್ನು ಆ ಗೆಳತಿಗೆ ಕೊಡಲಾ ಎಂದು ಕೇಳಿದರು. ಬೇಡ ಎಂದೆ. ಆಕೆಗೆ ವಾಲ್ವ್ ತೊಂದರೆ ಇಲ್ಲದಿರಬಹುದು. ಬಿಪಿ, ಶುಗರ್ ಮಾತ್ರೆ ಇದೆಯೋ, ಮುಟ್ಟು ನಿಂತ ಮೇಲೂ ರಕ್ತ ಕಾಣಿಸುತ್ತಿದೆಯೋ ನಮಗೆ ಗೊತ್ತಿಲ್ಲವಲ್ಲ. ಹಾಗೆ ಕಾಣಿಸಿದರೆ ಪುಡಿ, ಕಷಾಯ ಎಲ್ಲ ಬದಿಗಿಟ್ಟು ಮೊದಲು ಸ್ಕ್ಯಾನ್ ಮಾಡಿಸಬೇಕು. ಗೆಳತಿಯನ್ನೇ ತಜ್ಞೆಯ ಹತ್ತಿರ ಕರೆದುಕೊಂಡು ಹೋಗಿ ಎಂದೆ. ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಡುತ್ತಾರಂತೆ.