ಕೈ ಸರಿ ಬಂತು ಅಂತ ಮಾತ್ರೆ ಬಿಟ್ಟವರಿಗೆ

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ನಾಲ್ಕು ತಿಂಗಳ ಹಿಂದೆ ಬಲಗೈ ಸ್ವಾಧೀನ ತಪ್ಪಿ, ಮಾತು ತೊದಲಿತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ, ಸಣ್ಣ ಸ್ಟ್ರೋಕ್ ಎಂದರು. ಈಗ ತೋಟಕ್ಕೂ ಹೋಗುತ್ತಾರೆ. ಬಿಪಿ, ಕೊಲೆಸ್ಟರಾಲ್ ನಾರ್ಮಲ್. ಇಷ್ಟೆಲ್ಲ ಮಾತ್ರೆ ಇನ್ನೂ ಬೇಕಾ? (ಕಾರ್ಕಳ)

ಉತ್ತರ: ಈ ಪ್ರಶ್ನೆ ಬಾರದ ವಾರ ಇಲ್ಲ. ನಾರ್ಮಲ್ ಆದದ್ದು ಮಾತ್ರೆಯಿಂದ ಅಲ್ವಾ? ಮತ್ತೆ ಅದನ್ನೇ ನಿಲ್ಲಿಸುವುದು ಯಾಕೆ? ಸ್ಟ್ರೋಕ್ ವಾರ್ಡಿನಲ್ಲಿ ಮಲಗಿದವರಲ್ಲಿ ಹೆಚ್ಚಿನವರಿಗೆ ಬಿಪಿ ಮೊದಲೇ ಇರುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ, ಇಲ್ಲವೇ ಬೀಡಿ. ಅವರಲ್ಲಿ ಎಷ್ಟೋ ಮಂದಿ ತಲೆನೋವು ಬಂದ ದಿನ ಮಾತ್ರ ಬಿಪಿ ಮಾತ್ರೆ ನುಂಗಿದವರು. ಬಿಪಿ 130/80ರ ಕೆಳಗೆ ನಿಲ್ಲಬೇಕು, ವರ್ಷಗಟ್ಟಲೆ.

ಎಲ್ಲರೂ ಎಡವುವುದು ರಕ್ತ ತೆಳು ಮಾಡುವ ಮಾತ್ರೆಯಲ್ಲಿ. ಸಣ್ಣ ಸ್ಟ್ರೋಕಿಗೆ ಸಾಮಾನ್ಯವಾಗಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ 21 ದಿನ ಕೊಡುತ್ತೇವೆ. ಮತ್ತೆ ಸ್ಟ್ರೋಕ್ ಆಗುವ ಭಯ ಮೊದಲ ವಾರಗಳಲ್ಲೇ ಜಾಸ್ತಿ. ಆಮೇಲೆ ಎರಡನ್ನೂ ಮುಂದುವರಿಸಿದರೆ ಲಾಭಕ್ಕಿಂತ ರಕ್ತಸ್ರಾವದ ಅಪಾಯವೇ ಹೆಚ್ಚು. ಹಾಗಾಗಿ ಒಂದನ್ನು ಬಿಡಿಸುತ್ತೇವೆ, ಇನ್ನೊಂದು ಮುಂದುವರಿಯುತ್ತದೆ. ಮನೆಯಲ್ಲಿ ಆಗುವುದೇ ಬೇರೆ. ಕೆಲವರು ಎರಡನ್ನೂ ಬಿಡುತ್ತಾರೆ. ಕೆಲವರು ಅದೇ ಹಳೇ ಚೀಟಿ ಮೆಡಿಕಲ್‌ಗೆ ತೋರಿಸಿ ವರ್ಷಗಟ್ಟಲೆ ಎರಡನ್ನೂ ನುಂಗುತ್ತಾರೆ. ಇವೆರಡರ ಜೊತೆ ಕೊಲೆಸ್ಟರಾಲ್ ಮದ್ದೂ ಸೇರಿದ ಒಂದೇ ಕ್ಯಾಪ್ಸೂಲ್ ಬೇರೆ ಇದೆ. ಅದನ್ನು ಬಿಟ್ಟರೆ ಮೂರೂ ಒಟ್ಟಿಗೆ ಹೋಯಿತು! ಮೆದುಳಿನ ರಕ್ತನಾಳ ತುಂಬಾ ಕಿರಿದಾಗಿದ್ದರೆ, ಸ್ಟೆಂಟ್ ಇದ್ದರೆ ಈ 21 ದಿನದ ಲೆಕ್ಕ ಬೇರೆ. ಯಾವುದನ್ನು, ಯಾವ ತಾರೀಕಿಗೆ ನಿಲ್ಲಿಸಬೇಕು ಎಂದು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಡಾಕ್ಟರಿಗೆ ಪುರುಸೊತ್ತಿಲ್ಲ ಅಂದರೂ ಬಿಡಬೇಡಿ.

ಕೊಲೆಸ್ಟರಾಲ್ ಮದ್ದು ಅಟೊರ್ವಾಸ್ಟಾಟಿನ್ ಕೂಡ ರಿಪೋರ್ಟ್ ಚೆಂದ ಕಾಣಲಿ ಅಂತ ಕೊಡುವುದಲ್ಲ. ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬು ಒಡೆದು ಹೆಪ್ಪುಗಟ್ಟದಿರಲಿ ಅಂತ. ಲ್ಯಾಬಿನವರು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 100ರ ಕೆಳಗೆ ಇದ್ದರೆ ಸಾಕು ಎಂದು ಅಚ್ಚು ಹಾಕಿರಬಹುದು. ನಿಮ್ಮ ತಂದೆಯವರ ಎಲ್‌ಡಿಎಲ್ 70ರ ಕೆಳಗಿರಬೇಕು.

ಹೃದಯದ ಬಡಿತ ತಾಳ ತಪ್ಪಿ ಸ್ಟ್ರೋಕ್ ಆದವರಿಗೆ ಆಸ್ಪಿರಿನ್ ಸಾಲದು. ಅವರಿಗೆ ಹೆಪ್ಪು ತಡೆಯುವ ಬೇರೆ ಬಗೆಯ ಮದ್ದು, ಅಂದರೆ ಎಪಿಕ್ಸಬಾನ್, ಡಬಿಗಾಟ್ರಾನ್ ಅಥವಾ ವಾರ್ಫರಿನ್ ಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಹೋಲಿಸಬೇಡಿ, ದಯವಿಟ್ಟು.

ಪ್ರಶ್ನೆ: ವಾರ್ಫರಿನ್ ತಿನ್ನುವವರು ಬಸಳೆ ಬಿಡಬೇಕಾ? (ಮೂಲ್ಕಿ)

ಉತ್ತರ: ಬೇಡ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್ನಿನ ಬಲ ತಗ್ಗಿಸುತ್ತದೆ, ಹಾಗಾಗಿ ಒಂದು ವಾರ ರಾಶಿ, ಇನ್ನೊಂದು ವಾರ ಬಂದ್ ಎಂದು ಮಾಡದೆ ಒಂದೇ ಹದದಲ್ಲಿ ತಿನ್ನಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ಪಾರಿವಾಳದ ರಕ್ತ ತಿಕ್ಕಿದರೆ ಲಕ್ವ ಹೋಗುತ್ತದಾ? (ಪುತ್ತೂರು)

ಉತ್ತರ: ಪಾರಿವಾಳದ ಜೀವ ಹೋಗುತ್ತದೆ, ಅಷ್ಟೆ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕಿದರೆ ನರ ಕ್ಲೀನ್ ಆಗುತ್ತದೆ ಎನ್ನುತ್ತಾರೆ. (ಸುರತ್ಕಲ್)

ಉತ್ತರ: ಕ್ಲೀನ್ ಆಗುವುದು ಜೇಬು. ಡ್ರಿಪ್ ನಂಬಿ ದಿನದ ಮಾತ್ರೆ ಬಿಟ್ಟು ಎರಡನೇ ಸ್ಟ್ರೋಕ್ ತಂದುಕೊಂಡವರನ್ನು ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ಬಾಯಿ ಸೊಟ್ಟಗಾದ ಕೂಡಲೇ ಮನೆಯಲ್ಲೇ ಆಸ್ಪಿರಿನ್ ಕೊಡಬಹುದಾ? (ಬೈಂದೂರು)

ಉತ್ತರ: ಬೇಡವೇ ಬೇಡ. ಹೆಪ್ಪೋ, ರಕ್ತಸ್ರಾವವೋ ಎಂದು ಸಿಟಿ ಸ್ಕ್ಯಾನ್ ಮಾಡದೆ ನನಗೂ ಗೊತ್ತಾಗುವುದಿಲ್ಲ. ನೀರೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಬೇಕು. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಗೊತ್ತಿರುವವರೇ ಜೊತೆಗೆ ಬನ್ನಿ.