ಬ್ರಿಟನ್ನಿನಲ್ಲಿ ಹೊಸದಾಗಿ ಲೆಕ್ಚರರ್ ಆದವರು ಪಿಜಿಸರ್ಟ್ ಮಾಡಬೇಕಾ, ನೇರವಾಗಿ ಫೆಲೋಶಿಪ್‌ಗೆ ಅರ್ಜಿ ಹಾಕಿದರೆ ಸಾಲದಾ?

ಪಿಎಚ್‌ಡಿ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ. ಪಿಜಿಸರ್ಟ್ (ಪೋಸ್ಟ್‌ಗ್ರ್ಯಾಜುಯೇಟ್ ಸರ್ಟಿಫಿಕೇಟ್) ಮಾಡುವುದೋ, ನೇರವಾಗಿ ಫೆಲೋಶಿಪ್‌ಗೆ, ಅಂದರೆ ಪಾಠ ಮಾಡುವವರಿಗೆ ಅಡ್ವಾನ್ಸ್ ಎಚ್‌ಇ ಅನ್ನುವ ಸಂಸ್ಥೆ ಕೊಡುವ ಮನ್ನಣೆಗೆ, ಅರ್ಜಿ ಹಾಕುವುದೋ, ಯಾವುದು ಬೇಗ ಮುಗಿಯುತ್ತದೆ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಶುರು ಮಾಡಿದವನು. ಯೂನಿವರ್ಸಿಟಿಯಲ್ಲಿ ಪಾಠ ಮಾಡುವವರಿಗಾಗಿ ಇರುವ ಪಿಜಿಸರ್ಟ್ ಮುಗಿಸಬೇಕು ಅಂತ ನನ್ನ ಪ್ರೊಬೇಷನ್ ಷರತ್ತಿನಲ್ಲೇ ಬರೆದಿತ್ತು. ಪೇಪರ್ ಬರೆಯಬೇಕಾದ ಹೊತ್ತಿನಲ್ಲಿ ಇದೆಲ್ಲಾ ಯಾಕೆ ಅನ್ನಿಸಿತ್ತು. ಆದಷ್ಟು ಬೇಗ ಮುಗಿಸಿ ಕೈ ತೊಳೆದುಕೊಳ್ಳೋಣ ಅಂತ ಹೊರಟೆ. ಆ ಅವಸರದಿಂದಲೇ ಒಂದು ವರ್ಷ ಹಿಂದೆ ಬಿದ್ದೆ.

ಇದು ಮಾಸ್ಟರ್ಸ್ ಮಟ್ಟದ 60 ಕ್ರೆಡಿಟ್‌ಗಳ ಓದು. ಒಂದು ಕ್ರೆಡಿಟ್‌ಗೆ 10 ಗಂಟೆ ಅಂತ ಲೆಕ್ಕ, ಅಂದರೆ ಕಾಗದದ ಮೇಲೆ 600 ಗಂಟೆ. ನಮ್ಮಲ್ಲಿ ಅದನ್ನು ಎರಡು ಮಾಡ್ಯೂಲ್ ಮಾಡಿದ್ದರು. ಮೊದಲನೆಯದರಲ್ಲಿ ಪಾಠ ಯೋಜಿಸುವುದು, ಸಹೋದ್ಯೋಗಿಯೊಬ್ಬರು ಬಂದು ನಮ್ಮ ಕ್ಲಾಸ್ ನೋಡುವುದು, ಅದರ ಬಗ್ಗೆ ಬರೆಯುವುದು. ಅದು ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ನಮ್ಮದೇ ಕ್ಲಾಸಿನಲ್ಲಿ ಏನಾದರೂ ಬದಲಾಯಿಸಿ, ಏನಾಯಿತು ಅಂತ ಒಂದು ಸಣ್ಣ ಅಧ್ಯಯನ ಮಾಡಬೇಕಿತ್ತು. ಸಿಕ್ಕಿಬಿದ್ದದ್ದು ಅಲ್ಲಿ.

ಜೀವಶಾಸ್ತ್ರ ಓದುವ ಮೊದಲ ವರ್ಷದವರಿಗೆ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಕ್ಲಾಸಿನಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ರೂಪಿಸಿದ ಒಂದು ಕ್ರಮ ಇದೆ. ಒಂದು ಪ್ರಶ್ನೆ ಕೊಡಿ, ಮೊದಲು ಒಬ್ಬೊಬ್ಬರೇ ಯೋಚಿಸಿ ಉತ್ತರ ಆರಿಸಲಿ, ಆಮೇಲೆ ಪಕ್ಕದವರ ಜೊತೆ ವಾದ ಮಾಡಲಿ, ಮತ್ತೆ ಉತ್ತರ ಆರಿಸಲಿ. ಅದನ್ನೇ ಟರ್ಮ್ ಪೂರ್ತಿ ಮಾಡಿದೆ. ಕೊನೆಯ ಕ್ಲಾಸಿನಲ್ಲಿ ಪ್ರಶ್ನಾವಳಿ ಹಂಚಿ, ತುಂಬಿಸಿಕೊಂಡು ಬಂದೆ. ಹೆಸರು ಬರೆಸಿರಲಿಲ್ಲ. ಇಂಥ ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ್ದು ಅದಾದ ಮೇಲೆ.

ಅರ್ಜಿಯಲ್ಲಿ ಮಾಹಿತಿ ಸಂಗ್ರಹ ಯಾವತ್ತು ಶುರು ಅಂತ ಒಂದು ಕಾಲಂ ಇರುತ್ತದೆ. ಇದ್ದದ್ದನ್ನೇ ಬರೆದೆ. ನಡೆದುಹೋದ ಕೆಲಸಕ್ಕೆ ಅನುಮತಿ ಕೊಡಲು ಬರುವುದಿಲ್ಲ, ಈ ಮಾಹಿತಿಯನ್ನು ಬಳಸುವಂತಿಲ್ಲ ಅಂತ ಉತ್ತರ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಇದು ಬರೀ ಕಾಗದಪತ್ರದ ಕಿರಿಕಿರಿಯಾಗಿ ಕಂಡಿತ್ತು. ಅದು ಹಾಗಲ್ಲ. ಆ ಮಕ್ಕಳ ಉತ್ತರಪತ್ರಿಕೆ ತಿದ್ದುವವನು ನಾನೇ. ನಾನೇ ಎದುರಿಗೆ ನಿಂತು ಫಾರಂ ಹಂಚಿದರೆ ಬೇಡ ಅನ್ನುವ ಧೈರ್ಯ ಯಾರಿಗೆ ಇರುತ್ತದೆ? ಹೆಸರು ಬರೆಸದಿದ್ದರೂ ಯಾರು ತುಂಬಿದರು, ಯಾರು ತುಂಬಲಿಲ್ಲ ಅನ್ನುವುದು ನನ್ನ ಕಣ್ಣಿಗೆ ಕಾಣುತ್ತದೆ ಅಲ್ವಾ? ಇನ್ನೊಂದು, ಇದು ಪಾಠ ಸುಧಾರಿಸಲು ಕೇಳುವ ಫೀಡ್‌ಬ್ಯಾಕ್ ಅಂತ ಅವರಿಗೆ ಹೇಳಿದ್ದೆ. ಮಾಮೂಲಿ ಫೀಡ್‌ಬ್ಯಾಕ್‌ಗೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಅದನ್ನೇ ನನ್ನ ಪಿಜಿಸರ್ಟ್‌ನ ಅಧ್ಯಯನಕ್ಕೆ ಬಳಸಿದರೆ ಉದ್ದೇಶವೇ ಬೇರೆಯಾಯಿತು. ಆ ಉದ್ದೇಶಕ್ಕೆ ಅವರು ಒಪ್ಪಿಗೆ ಕೊಟ್ಟಿರಲಿಲ್ಲ. ಕಮಿಟಿ ಹೇಳಿದ್ದು ಸರಿ ಇತ್ತು.

ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ನಾನು ಕಲಿಸುವ ಮಾಡ್ಯೂಲ್ ವರ್ಷಕ್ಕೆ ಒಂದೇ ಸಲ ನಡೆಯುವಂಥದ್ದು. ಮುಂದಿನ ಬ್ಯಾಚ್ ಬರುವವರೆಗೆ ಕಾಯಬೇಕಾಯಿತು. ಪ್ರೊಬೇಷನ್ ಮುಂದಕ್ಕೆ ಹೋಯಿತು, ಅದರ ಹಿಂದೆ ಬಡ್ತಿಯ ಅರ್ಜಿಯೂ ಹೋಯಿತು.

ಎರಡನೇ ಸಲ ಬೇಸಿಗೆಯಲ್ಲೇ ಅನುಮತಿ ತೆಗೆದುಕೊಂಡೆ. ನನ್ನ ಮಾಡ್ಯೂಲ್‌ಗೆ ಸಂಬಂಧವಿಲ್ಲದ ಸಹೋದ್ಯೋಗಿಯೊಬ್ಬರು ಫಾರಂ ಹಂಚಿದರು, ನಾನು ಹೊರಗಿದ್ದೆ. ಅಂಕ ಪ್ರಕಟವಾಗುವವರೆಗೆ ಆ ಫಾರಂಗಳನ್ನು ನಾನು ನೋಡಲೂ ಇಲ್ಲ.

ಅದೇ ಪಾಠವನ್ನು ಎರಡನೇ ಸಲ ಮಾಡುವಾಗ ಬೇರೆ ಕೆಲವು ಸಂಗತಿಗಳೂ ಕಂಡವು. ಮೊದಲ ವರ್ಷ ನಾನು ಕೊಟ್ಟ ಪ್ರಶ್ನೆಗಳು ಒಂದೋ ತೀರಾ ಸುಲಭ, ಇಲ್ಲಾ ತೀರಾ ಕಷ್ಟ. ಮೊದಲ ಸುತ್ತಿನಲ್ಲಿ ಸುಮಾರು 30ರಿಂದ 70 ಶೇಕಡಾ ಮಂದಿ ಸರಿ ಉತ್ತರ ಕೊಟ್ಟಾಗಲೇ ಪಕ್ಕದವರ ಜೊತೆ ಮಾತಾಡಿಸುವುದರಿಂದ ಪ್ರಯೋಜನ. ಎಲ್ಲರಿಗೂ ಗೊತ್ತಿದ್ದರೆ ವಾದಕ್ಕೆ ಏನೂ ಇರುವುದಿಲ್ಲ, ಯಾರಿಗೂ ಗೊತ್ತಿಲ್ಲದಿದ್ದರೂ ಅಷ್ಟೇ.

ಇನ್ನು ಮೊದಲ ವರ್ಷದ ಪ್ರಶ್ನಾವಳಿ. "ಸುಮ್ನೆ ನೀವೇ ವಿವರಿಸಿದ್ದರೆ ಜಾಸ್ತಿ ಕಲಿಯುತ್ತಿದ್ದೆವು" ಅಂತ ಹಲವರು ಬರೆದಿದ್ದರು. ಓದಿ ಬೇಜಾರಾಗಿತ್ತು. ಆಮೇಲೆ 2019ರ ಹಾರ್ವರ್ಡ್ ಅಧ್ಯಯನವೊಂದನ್ನು ಓದಿದೆ. ತಾವೇ ತಲೆ ಕೆರೆದುಕೊಂಡು ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು, ಆದರೆ ಕಡಿಮೆ ಕಲಿತೆವು ಅಂತ ಭಾವಿಸಿದ್ದರು. ಹಾಗಾಗಿ ಎರಡನೇ ಸಲ ಅವರಿಗೆ ಏನನ್ನಿಸಿತು ಅಂತ ಮಾತ್ರ ಕೇಳದೆ, ಅವರು ಬರೆದ ಉತ್ತರಗಳನ್ನೂ ನೋಡಿದೆ. ಶಿಕ್ಷಣ ಮನಶ್ಶಾಸ್ತ್ರಜ್ಞ ಜಾನ್ ಬಿಗ್ಸ್ 1996ರಲ್ಲಿ ಹೇಳಿದ ಮಾತೂ ಅಲ್ಲೇ ಅರ್ಥವಾಯಿತು. ಏನು ಕಲಿಸಬೇಕು ಅಂದುಕೊಂಡಿದ್ದೀರೋ, ಕ್ಲಾಸಿನಲ್ಲಿ ಏನು ಮಾಡಿಸುತ್ತೀರೋ, ಪರೀಕ್ಷೆಯಲ್ಲಿ ಏನು ಕೇಳುತ್ತೀರೋ, ಮೂರೂ ಒಂದಕ್ಕೊಂದು ಹೊಂದಬೇಕು. ಕ್ಲಾಸಿನಲ್ಲಿ ನಾನು ಫಲಿತಾಂಶವನ್ನು ಅರ್ಥ ಮಾಡಿಕೊಳ್ಳಿ ಅನ್ನುತ್ತಿದ್ದೆ, ಪರೀಕ್ಷೆಯಲ್ಲಿ ಸೂತ್ರ ಹಾಕಿ ಲೆಕ್ಕ ಮಾಡಿಸುತ್ತಿದ್ದೆ. ಪರೀಕ್ಷೆಯ ಸ್ವರೂಪ ಬದಲಾಯಿಸಲು ತಿಂಗಳುಗಟ್ಟಲೆ ಮೊದಲೇ ವಿಭಾಗದ ಒಪ್ಪಿಗೆ ಬೇಕು, ಅದನ್ನೂ ನೆನಪಿಟ್ಟುಕೊಳ್ಳಿ.

ಹಾಗಾಗಿ, ಯಾವುದು ಬೇಗ ಮುಗಿಯುತ್ತದೆ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅಡ್ವಾನ್ಸ್ ಎಚ್‌ಇ ಕೊಡುವ ಫೆಲೋಶಿಪ್‌ನ ನೇರ ದಾರಿ ಈಗಾಗಲೇ ಪಾಠ ಮಾಡಿ ಪಳಗಿದವರಿಗೆ. 2023ರಲ್ಲಿ ಪರಿಷ್ಕರಿಸಿದ ಮಾನದಂಡಗಳ ಪ್ರಕಾರ ನೀವು ಮಾಡಿದ ಕೆಲಸಕ್ಕೆ ಪುರಾವೆ ತೋರಿಸಬೇಕು. ನಿಮ್ಮ ಹತ್ತಿರ ಇನ್ನೂ ಆ ಕೆಲಸವೇ ಇಲ್ಲ, ಏನನ್ನು ತೋರಿಸುತ್ತೀರಿ? ಊರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿ ಈಗಷ್ಟೇ ಬಂದವರಾದರೆ ಬೇರೆ ಮಾತು. ಜೊತೆಗೆ ಬಹಳಷ್ಟು ಯೂನಿವರ್ಸಿಟಿಗಳ ಪಿಜಿಸರ್ಟ್‌ಗೆ ಅಡ್ವಾನ್ಸ್ ಎಚ್‌ಇ ಮಾನ್ಯತೆ ಇದೆ. ಅಲ್ಲಿ ಮುಗಿಸಿದರೆ ಫೆಲೋ ಅನ್ನುವ ಮನ್ನಣೆಯೂ ಸಿಗುತ್ತದೆ. ಹಾಗಿರುವಾಗ ಇದೋ ಅದೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಮತ್ತೆ ಇದನ್ನು ಪಿಜಿಸಿಇ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದು ಮುಖ್ಯವಾಗಿ ಶಾಲೆಯ ಶಿಕ್ಷಕರದ್ದು.

ನೀವು ನೋಡಬೇಕಾದದ್ದು ಬೇರೆ: ನಿಮ್ಮ ಕೈಯಲ್ಲಿ ನೀವೇ ಬದಲಾಯಿಸಬಹುದಾದ ಒಂದು ಕ್ಲಾಸ್ ಇದೆಯಾ? ಅದನ್ನು ಎರಡು ವರ್ಷ ಸತತವಾಗಿ ಮಾಡಲು ಸಿಗುತ್ತದಾ? ಬೇರೆಯವರ ಸ್ಲೈಡ್ ಹಿಡಿದು ಅಲ್ಲೊಂದು ಇಲ್ಲೊಂದು ಲೆಕ್ಚರ್ ಕೊಡುವ ವರ್ಷದಲ್ಲಿ ಇದಕ್ಕೆ ಸೇರಿದರೆ ಓದಿದ್ದನ್ನು ಹಚ್ಚಿ ನೋಡಲು ಜಾಗವೇ ಇರುವುದಿಲ್ಲ. ಪ್ರೊಬೇಷನ್ ಷರತ್ತು ಅವಕಾಶ ಕೊಟ್ಟರೆ ಒಂದು ವರ್ಷ ತಡವಾಗಿ ಸೇರಿ, ಪರವಾಗಿಲ್ಲ. ಸೇರುವ ಮೊದಲು ವಿಭಾಗದ ಮುಖ್ಯಸ್ಥರ ಹತ್ತಿರ ಕೂತು, ಈ ಓದಿಗೆ ನಿಮ್ಮ ಕೆಲಸದ ಹಂಚಿಕೆಯಲ್ಲಿ ಎಷ್ಟು ಗಂಟೆ ಕೊಡುತ್ತಾರೆ ಅಂತ ಕೇಳಿ, ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಸೇರಿದ ಮೊದಲ ವಾರದಲ್ಲೇ ಟ್ಯೂಟರ್ ಹತ್ತಿರ ಎಥಿಕ್ಸ್ ವಿಷಯ ಎತ್ತಿ. ಕೆಲವು ಕಡೆ ಇಡೀ ಕೋರ್ಸಿಗೆ ಒಟ್ಟಾಗಿ ಅನುಮತಿ ಇರುತ್ತದೆ, ಕೆಲವು ಕಡೆ ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು. ನಿಮ್ಮಲ್ಲಿ ಯಾವುದು ಅಂತ ಅವರೇ ಹೇಳುತ್ತಾರೆ.