ಅಂಗವೈಕಲ್ಯ ಪಿಂಚಣಿ: ಬೋರ್ಡ್ ಬರೆದ ಕಾರಣವನ್ನು ಮೊದಲು ಓದಿ

ಪ್ರಶ್ನೆ: 2021ರಲ್ಲಿ ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾದೆ. ಸೊಂಟದ ಡಿಸ್ಕ್ ತೊಂದರೆಗೆ ನಿವೃತ್ತಿಯ ವೇಳೆ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡ್ ಶೇ 20 ಅಂಗವೈಕಲ್ಯ ಕೊಟ್ಟಿತು. ಆದರೆ ಸೇವೆಗೆ ಸಂಬಂಧವಿಲ್ಲವೆಂದು ಕ್ಲೇಮ್ ತಿರಸ್ಕೃತವಾಯಿತು. ಮೇಲ್ಮನವಿಯ ಆರು ತಿಂಗಳೂ ಕಳೆದಿವೆ. 2014ರ ತೀರ್ಪಿನಂತೆ ಎಲ್ಲರಿಗೂ ಶೇ 50 ಸಿಗುತ್ತದೆಂದು ವಾಟ್ಸಾಪ್‌ನಲ್ಲಿ ಬಂದಿದೆ. ಹೇಗೆ ಬರೆಯಲಿ?

ಉತ್ತರ: ಎಲ್ಲರಿಗೂ ಸಿಗುವುದಿಲ್ಲ, ಈ ಸಂದೇಶವನ್ನು ಹಂಚುವವರು ಆ ತೀರ್ಪನ್ನು ಓದಿಯೇ ಇಲ್ಲ. ಅಂಗವೈಕಲ್ಯ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ಮೊದಲು ಒಪ್ಪಿತವಾಗಿರಬೇಕು. ಆಮೇಲಷ್ಟೇ ಶೇ 20 ಎಂಬುದು 50 ಆಗುತ್ತದೆ. 2014ರ ಆ ತೀರ್ಪು, ಅಂದರೆ ರಾಮ್ ಅವತಾರ್ ಪ್ರಕರಣ, ಈ ಏರಿಕೆಯನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು, ಅಷ್ಟೆ. ಪೂರ್ಣ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುವುದರಿಂದ, ಗೆದ್ದರೆ ನಿಮಗೆ ಶೇ 15 ಬರುತ್ತದೆ.

ನಿಮ್ಮ ನಿಜವಾದ ಜಗಳ ಬೋರ್ಡ್ ಬರೆದ ಕಾರಣದೊಂದಿಗೆ. ನಿಮ್ಮ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿನಿಂದ ಬೋರ್ಡಿನ ಪೂರ್ತಿ ಕಡತದ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕಾರಣ ಬರೆಯುವ ಜಾಗದಲ್ಲಿ ಸಾಮಾನ್ಯವಾಗಿ ಒಂದೇ ಸಾಲಿರುತ್ತದೆ: ಪೀಸ್ ಸ್ಟೇಷನ್‌ನಲ್ಲಿ (ಯುದ್ಧಭೂಮಿಯಲ್ಲದ ನೆಲೆಯಲ್ಲಿ) ಶುರುವಾದದ್ದು, ದೇಹಪ್ರಕೃತಿಯಿಂದ ಬಂದದ್ದು. ನಿಮ್ಮ ಮನವಿ ಉತ್ತರಿಸಬೇಕಾದದ್ದು ಆ ಸಾಲಿಗೆ. ಪದಕಗಳ ಪಟ್ಟಿಯಿಂದಾಗಲಿ, ಮನೆಯ ಕಷ್ಟದ ವಿವರದಿಂದಾಗಲಿ ಅದು ಅಲುಗಾಡುವುದಿಲ್ಲ. ಭರ್ತಿಯ ವೇಳೆಯ ತಪಾಸಣೆಯಲ್ಲಿ ಕಾಯಿಲೆ ದಾಖಲಾಗಿರದಿದ್ದರೆ ಅದು ಸೇವೆಯಲ್ಲೇ ಬಂದಿತೆಂದು ಭಾವಿಸಬೇಕು, ಅಲ್ಲವೆನ್ನುವ ಬೋರ್ಡ್ ಕಾರಣ ಕೊಡಬೇಕು ಎಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಪಿಂಚಣಿಯ ಅರ್ಹತೆ ನಿರ್ಧರಿಸುವ 2008ರ ನಿಯಮಗಳಲ್ಲಿ ಈ ಅನುಕೂಲವಿಲ್ಲವೆಂದು ಸರ್ಕಾರ ವಾದಿಸುವುದರಿಂದ, ಆ ತೀರ್ಪೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ನೋವಿಗೆ ಮೊದಲು ಆಸ್ಪತ್ರೆಗೆ ದಾಖಲಾದ ಚೀಟಿ, ಮೆಡಿಕಲ್ ಕೆಟಗರಿ (ದೈಹಿಕ ಕ್ಷಮತೆಯ ದರ್ಜೆ) ಇಳಿಸಿದ ಆದೇಶ, ಅದಕ್ಕೆ ಮುನ್ನ ಯಾವ ಪೋಸ್ಟಿಂಗಿನಲ್ಲಿ ಎಂಥ ಭಾರ ಹೊರುವ ಕೆಲಸ ಮಾಡುತ್ತಿದ್ದಿರಿ ಎಂಬ ವಿವರ, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ.

ತಡವಾದುದಕ್ಕೆ ಕಾರಣ ಬರೆದು ಮೊದಲ ಮೇಲ್ಮನವಿ ಸಲ್ಲಿಸಿ. ತಿರಸ್ಕರಿಸಿದರೆ ಎರಡನೆಯದು, ಆನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಪಿಂಚಣಿ ನಿರಾಕರಣೆ ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವೊಂದೇ ಬಾಗಿಲು ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗಷ್ಟೇ ಸೀಮಿತ. ನೀವು ಸುಮ್ಮನಿದ್ದ ಒಂದೊಂದು ತಿಂಗಳೂ ಅದಕ್ಕೂ ಹಿಂದಿನ ಒಂದೊಂದು ತಿಂಗಳ ಹಣವನ್ನು ಕಳೆಯುತ್ತದೆ. ಇನ್ನೊಂದು ಮಾತು: 2023ರ ಸೆಪ್ಟೆಂಬರ್ 21ರಿಂದ ಈ ಅರ್ಹತಾ ನಿಯಮಗಳೇ ಬದಲಾಗಿವೆ. ಆಮೇಲೆ ನಿವೃತ್ತರಾದವರು ನಿಮ್ಮ ಮನವಿಯನ್ನು ನಕಲು ಮಾಡಿದರೆ ಕೆಡುತ್ತಾರೆ.

ಪ್ರಶ್ನೆ: ಸ್ವಂತ ಕೋರಿಕೆಯ ಮೇಲೆ ಹೊರಬಂದವರಿಗೆ ಹಕ್ಕಿಲ್ಲವೇ?

ಉತ್ತರ: 2006ರ ಜನವರಿ 1ರಿಂದೀಚೆಗೆ ಹೊರಬಂದಿದ್ದರೆ, ಕೋರಿಕೆ ಕೊಟ್ಟದ್ದೊಂದೇ ಅಡ್ಡಿಯಾಗದು.

ಪ್ರಶ್ನೆ: ರಜೆಯಲ್ಲಿ ಊರಿಗೆ ಬಂದಾಗ ಬೈಕ್‌ನಿಂದ ಬಿದ್ದು ಕಾಲು ಮುರಿಯಿತು. ರಜೆಯೂ ಡ್ಯೂಟಿಯೇ ಅಲ್ಲವೇ?

ಉತ್ತರ: ರಜೆ ಡ್ಯೂಟಿಯ ಲೆಕ್ಕಕ್ಕೆ ಬಂದರೂ ಪೆಟ್ಟಿಗೂ ಸೇನಾ ಕೆಲಸಕ್ಕೂ ಸಂಬಂಧ ಬೇಕು, 2011ರ ಜುಝಾರ್ ಸಿಂಗ್ ತೀರ್ಪು ಓದಿ.

ಪ್ರಶ್ನೆ: ಬಾಕಿ ಹಣದ ಮೂರನೇ ಒಂದು ಪಾಲು ಕೊಟ್ಟರೆ ಗೆಲುವು ಖಚಿತ ಎನ್ನುವ ಏಜೆಂಟ್ ಸಿಕ್ಕಿದ್ದಾನೆ. ನಂಬಬಹುದೇ?

ಉತ್ತರ: ಬೇಡ, ಅವನ ಕೈಗೆ ಮೂಲ ದಾಖಲೆಗಳನ್ನು ಕೊಟ್ಟಿದ್ದರೆ ಇಂದೇ ವಾಪಸು ತನ್ನಿ.